ಹ್ಯಾಂಡ್ ಬ್ರೇಕ್ ನಿಲ್ಲದಿದ್ದರೆ ಮೊದಲು ಕೇಬಲ್ ಬಿಗಿ ಮಾಡಬೇಡಿ

ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮ ಅಡಿಕೆ ತೋಟ. 2006ರ ಟಾಟಾ 207 ಪಿಕಪ್ ಇಟ್ಟುಕೊಂಡಿದ್ದೇವೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದರೂ ಲೋಡ್ ಇದ್ದಾಗ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರುತ್ತೆ. ಮೆಕ್ಯಾನಿಕ್ ಎರಡು ಸಲ ಕೇಬಲ್ ಬಿಗಿ ಮಾಡಿಕೊಟ್ಟರು. ಒಂದು ವಾರ ಸರಿ ಇತ್ತು, ಮತ್ತೆ ಅದೇ ಕಥೆ. ಈಗ ಪೇಟೆಗೆ ಹೋಗಿ ಬಂದರೆ ಎಡಗಡೆ ಹಿಂದಿನ ಡ್ರಮ್ ಮುಟ್ಟೋಕಾಗದಷ್ಟು ಬಿಸಿ. ಕಾಲಿನ ಬ್ರೇಕೂ ಮೊದಲಿಗಿಂತ ಕೆಳಗೆ ಹೋಗುತ್ತಿದೆ. ಕೇಬಲ್ ಬದಲಾಯಿಸಿ ಅಂತಾರೆ. ನಾವೇ ಮಾಡಬಹುದಾ? ಎರಡೂ ಬದಲಿಸಬೇಕಾ? ಮಳೆಗಾಲದಲ್ಲಿ ಏನು ಜಾಗ್ರತೆ?

ಉತ್ತರ: ನೀವು ಬರೆದ ಮೂರು ತೊಂದರೆಗಳೂ ಒಂದೇ ಕಡೆಯಿಂದ ಬಂದಿವೆ ಅನಿಸುತ್ತೆ. ಎಡಗಡೆ ಹಿಂದಿನ ಕೇಬಲ್ ಒಳಗೇ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ನೀವು ಹ್ಯಾಂಡ್ ಬ್ರೇಕ್ ಎಳೆದಾಗ ಕಷ್ಟಪಟ್ಟು ಒಂದಿಷ್ಟು ಎಳೆಯುತ್ತೆ. ಬಿಟ್ಟಾಗ ವಾಪಸ್ ಹೋಗಲ್ಲ. ಎಡಗಡೆ ಶೂ, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತಿ ನಿಲ್ಲಿಸುವ ಬಾಗಿದ ತುಂಡು, ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತೆ, ಬಿಸಿ ಆಗೋದು ಅದಕ್ಕೇ. ಉಜ್ಜಿ ಉಜ್ಜಿ ಶೂ ಸವೆದ ಮೇಲೆ ಲಿವರ್ ಮತ್ತೆ ಸಡಿಲ. ಆಗ ಮೆಕ್ಯಾನಿಕ್ ಕೇಬಲ್ ಇನ್ನೂ ಬಿಗಿ ಮಾಡ್ತಾರೆ, ಶೂ ಇನ್ನೂ ಉಜ್ಜುತ್ತೆ. ಒಂದು ವಾರ ಸರಿ ಇದ್ದು ಮತ್ತೆ ಕೆಟ್ಟದ್ದು ಹೀಗೆ.

ಕಾಲಿನ ಬ್ರೇಕ್ ಕೆಳಗೆ ಹೋಗೋದಕ್ಕೂ ಇದಕ್ಕೂ ಸಂಬಂಧ ಇದೆ, ಇದನ್ನು ತುಂಬಾ ಜನ ನಂಬಲ್ಲ. ಹಿಂದಿನ ಡ್ರಮ್ಮಿನ ಒಳಗೆ ಎರಡು ಶೂ ಇವೆ. ಒಂದು ಶೂಗೆ ಸಣ್ಣ ಲಿವರ್ ಸಿಕ್ಕಿಸಿರುತ್ತೆ, ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯೋದು ಅದನ್ನೇ. ಎರಡೂ ಶೂ ನಡುವೆ ಒಂದು ಪಟ್ಟಿ ಇರುತ್ತೆ. ಲಿವರ್ ಆ ಪಟ್ಟಿಯನ್ನು ತಳ್ಳಿದಾಗ ಶೂಗಳು ಅಗಲವಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ಶೂ ಸವೆದ ಹಾಗೆ ತಾನೇ ಹೊಂದಿಕೊಳ್ಳುವ ಅಡ್ಜಸ್ಟರ್ ಇರುವ ಗಾಡಿಗಳಲ್ಲಿ, ಬ್ರೇಕ್ ಬಿಟ್ಟಾಗ ಈ ಸಣ್ಣ ಲಿವರ್ ಪೂರ್ತಿ ಹಿಂದಕ್ಕೆ ಹೋಗಿ ಕೂತರೆ ಮಾತ್ರ ಅಡ್ಜಸ್ಟರ್ ಕೆಲಸ ಮಾಡುತ್ತೆ. ಕೇಬಲ್ ಬಿಗಿಯಾಗಿದ್ದರೆ ಲಿವರ್ ಅರ್ಧ ಎಳೆದೇ ಇರುತ್ತೆ. ಸಂದು ಇಲ್ಲ, ಎಲ್ಲ ಸರಿ ಇದೆ ಅಂತ ಅಡ್ಜಸ್ಟರ್ ಸುಮ್ನೆ ಕೂರುತ್ತೆ. ಇತ್ತ ಶೂ ಸವೀತಾ ಹೋಗಿ ಪೆಡಲ್ ಕೆಳಗೆ ಇಳಿಯುತ್ತೆ. ಅಂದರೆ ಹ್ಯಾಂಡ್ ಬ್ರೇಕ್ ಸರಿ ಮಾಡೋಕೆ ಹೋಗಿ ಕಾಲಿನ ಬ್ರೇಕನ್ನೂ ಹಾಳು ಮಾಡಿಕೊಂಡ ಹಾಗಾಯಿತು.

ಹಾಗಾಗಿ ನನ್ನ ಬಳಿ ಬರುವ ಹುಡುಗರಿಗೆ ಒಂದೇ ಮಾತು ಹೇಳೋದು. ಹ್ಯಾಂಡ್ ಬ್ರೇಕ್ ಸಡಿಲ ಅಂತ ಗಾಡಿ ಬಂದರೆ ಸ್ಪ್ಯಾನರ್ ತಗೊಂಡು ಕೇಬಲ್ ನಟ್ಟಿಗೆ ಕೈ ಹಾಕಬೇಡಿ. ಮೊದಲು ಡ್ರಮ್ ಬಿಚ್ಚಿ. ಶೂ ನೋಡಿ, ಡ್ರಮ್ ನೋಡಿ, ಅಡ್ಜಸ್ಟರ್ ನೋಡಿ. ಅದೆಲ್ಲ ಸರಿ ಇದ್ದರೆ ಕೇಬಲ್ ಎಳೆದು ನೋಡಿ, ಸಲೀಸಾಗಿ ಓಡುತ್ತಾ ಅಂತ. ನಟ್ಟು ಬಿಗಿ ಮಾಡೋದು ಎಲ್ಲದರ ಕೊನೆಗೆ. ಸ್ಟೀಲ್ ಕೇಬಲ್ ಅಷ್ಟು ಸುಲಭವಾಗಿ ಉದ್ದ ಆಗಲ್ಲ, ಮೊದಮೊದಲು ಸ್ವಲ್ಪ ಕೂರುತ್ತೆ ಅಷ್ಟೇ. "ಕೇಬಲ್ ಎಳ್ಕೊಂಡಿದೆ" ಅನ್ನೋ ಮಾತು ನೂರು ಸಲ ಕೇಳಿದ್ದೇನೆ. ಬಿಚ್ಚಿ ನೋಡಿದರೆ ಜಾಸ್ತಿ ಸಲ ಶೂ ಸವೆದಿರುತ್ತೆ, ಇಲ್ಲಾ ಕೇಬಲ್ಲಿನ ಹೊರಕವಚ ನಜ್ಜಾಗಿರುತ್ತೆ.

ಈಗ ಕೆಲಸಕ್ಕೆ ಬರೋಣ. ನೀವೇ ಮಾಡಬಹುದಾ ಅಂದರೆ, ಡ್ರಮ್ ಬಿಚ್ಚಿ ಶೂ ಹಾಕಿದ ಅನುಭವ ಇದ್ದರೆ ಖಂಡಿತ ಮಾಡಬಹುದು. ಇಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ. ಬ್ರೇಕ್ ಕೆಲಸ ಕಲಿಯೋಕೆ ಒಬ್ಬರೇ ಕೂರಬೇಡಿ.

ಜಾಗ ಸಮತಟ್ಟಾಗಿರಬೇಕು. ಮನೆ ಮುಂದಿನ ಅಡಿಕೆ ಅಂಗಳ ಆದರೆ ಒಳ್ಳೆಯದು, ಇಳಿಜಾರು ರಸ್ತೆ ಬೇಡ. ಹ್ಯಾಂಡ್ ಬ್ರೇಕ್ ಬಿಡದೆ ಈ ಕೆಲಸ ಆಗಲ್ಲ, ಗಿಯರ್ ಹಾಕಿದ್ದರೂ ಹಿಂದಿನ ಚಕ್ರ ಎತ್ತಿದ ಮೇಲೆ ಗಾಡಿಯನ್ನು ಹಿಡಿಯೋಕೆ ಏನೂ ಇರಲ್ಲ. ಆದ್ದರಿಂದ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಉರುಟು ಕಲ್ಲಲ್ಲ, ಚಪ್ಪಟೆ ತಳ ಇರುವ ಕಲ್ಲು ಅಥವಾ ಓರೆಯಾಗಿ ಕೊಯ್ದ ದಪ್ಪ ಮರದ ತುಂಡು. ಜ್ಯಾಕ್ ಎತ್ತೋಕೆ ಮಾತ್ರ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಲೇಬೇಡಿ.

ಒಂದು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ಕೇಬಲ್ ನಟ್ಟು, ಕೇಬಲ್ ಹಿಡಿದಿರುವ ಕ್ಲಿಪ್ಪು, ಡ್ರಮ್ಮಿನ ಹಿಂದೆ ಶೂ ಕೂರುವ ಬ್ಯಾಕ್ ಪ್ಲೇಟಿಗೆ ಕೇಬಲ್ ಹೋಗುವ ಜಾಗ, ಈ ಮೂರಕ್ಕೂ ಬಿಡಿ. ಮಲೆನಾಡಿನ ಗಾಡಿಯಲ್ಲಿ ಇಪ್ಪತ್ತು ವರ್ಷದ ನಟ್ಟು ಒಂದೇ ಏಟಿಗೆ ಬರುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಬಿಟ್ಟು, ಗಾಡಿ ಕೆಳಗಿರುವ ಅಡ್ಜಸ್ಟ್ ಮಾಡುವ ನಟ್ಟನ್ನು ಪೂರ್ತಿ ಸಡಿಲ ಮಾಡಿ. ಮುಂದಿನಿಂದ ಬಂದ ಎಳೆತ ಎಡಕ್ಕೂ ಬಲಕ್ಕೂ ಹಂಚಿಕೆಯಾಗುವ ಒಂದು ಜಾಗ ಇರುತ್ತೆ, ಅಲ್ಲಿ ಒಂದು ಸಣ್ಣ ಅಡ್ಡಪಟ್ಟಿ. ಮೆಕ್ಯಾನಿಕ್‌ಗಳು ಅದನ್ನು ಈಕ್ವಲೈಸರ್ ಅಂತಾರೆ. ತಕ್ಕಡಿಯ ಕೋಲು ಇದ್ದ ಹಾಗೆ. ಎರಡೂ ಕಡೆ ಎಳೆತ ಸಮ ಆಗಬೇಕಾದರೆ ಅದು ಸಲೀಸಾಗಿ ಓಲಾಡಬೇಕು. ಕೈಯಲ್ಲಿ ಅಲ್ಲಾಡಿಸಿ ನೋಡಿ. ಕೆಸರು ತುಂಬಿ ಗಟ್ಟಿ ಕೂತಿದ್ದರೆ ಹೊಸ ಕೇಬಲ್ ಹಾಕಿದರೂ ಒಂದು ಚಕ್ರ ಹಿಡಿಯುತ್ತೆ, ಇನ್ನೊಂದು ಹಿಡಿಯಲ್ಲ. ಬಿಚ್ಚೋ ಮೊದಲು ಎಡದ ಕೇಬಲ್ ಯಾವುದು, ಬಲದ್ದು ಯಾವುದು, ಯಾವ ಬ್ರಾಕೆಟ್ ಒಳಗೆ ತೂರಿ ಹೋಗಿದೆ ಅಂತ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ಆಮೇಲೆ ನೆನಪಾಗಲ್ಲ, ನಾನು ಅನುಭವದಿಂದ ಹೇಳ್ತಿದ್ದೇನೆ.

ಡ್ರಮ್ ಬಿಚ್ಚೋದು. ಸವೆದ ಡ್ರಮ್ಮಿನ ಅಂಚಿನಲ್ಲಿ ತುಕ್ಕಿನ ಏಣು ಬಂದಿರುತ್ತೆ, ಶೂ ಅದಕ್ಕೆ ಸಿಕ್ಕಿಕೊಂಡು ಡ್ರಮ್ ಬರಲ್ಲ. ಸುತ್ತಿಗೆಯಿಂದ ಅಂಚಿಗೆ ಜೋರಾಗಿ ಹೊಡೆಯಬೇಡಿ, ಎರಕದ ಕಬ್ಬಿಣ, ಚೂರಾಗುತ್ತೆ. ಅಡ್ಜಸ್ಟರ್ ಹಿಂದಕ್ಕೆ ಬಿಟ್ಟರೆ ಶೂ ಒಳಗೆ ಸರಿಯುತ್ತೆ. ಡ್ರಮ್ ಮುಖದಲ್ಲಿ ತ್ರೆಡ್ ಇರುವ ತೂತು ಇದ್ದರೆ ಅದಕ್ಕೆ ಸರಿಹೊಂದುವ ಬೋಲ್ಟ್ ಹಾಕಿ ಎರಡೂ ಕಡೆ ಸ್ವಲ್ಪ ಸ್ವಲ್ಪ ತಿರುಗಿಸಿದರೆ ತಾನೇ ಹೊರಗೆ ಬರುತ್ತೆ.

ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಪೈಪಿನಿಂದಲೂ ಬೇಡ. ಹಳೆ ಲೈನರುಗಳಲ್ಲಿ, ಅಂದರೆ ಶೂ ಮೇಲಿನ ಉಜ್ಜುವ ಪದರದಲ್ಲಿ, ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ನಿಮ್ಮ ಗಾಡಿಗೆ ಯಾವ ಕಾಲದಲ್ಲಿ ಯಾರು ಯಾವ ಶೂ ಹಾಕಿದ್ದಾರೋ ಗೊತ್ತಿಲ್ಲ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರಲ್ಲ. ಮೂಗಿಗೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಈಗ ನೋಡಬೇಕಾದ್ದು ಇಲ್ಲೇ. ಕಾಲಿನ ಬ್ರೇಕ್ ಒತ್ತಿದಾಗ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಸ್ವಲ್ಪ ಎತ್ತಿ ನೋಡಿ, ಒದ್ದೆ ಇದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಆಕ್ಸಲ್ ಕಡೆಯಿಂದ ಜಿಡ್ಡು ಬಂದಿದ್ದರೆ ಆಯಿಲ್ ಸೀಲ್ ಹೋಗಿದೆ. ಎಣ್ಣೆ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ, ದಯವಿಟ್ಟು ಅದು ಬೇಡ, ಒಮ್ಮೆ ಬಿಸಿಯಾದರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತೆ. ಎಷ್ಟೇ ಒಳ್ಳೆಯ ಕೇಬಲ್ ಹಾಕಿದರೂ ಜಿಡ್ಡಿನ ಶೂ ಏರಿನಲ್ಲಿ ಗಾಡಿಯನ್ನು ಹಿಡಿಯಲ್ಲ. ನಿಮ್ಮ ಎಡಗಡೆ ಡ್ರಮ್ ಅಷ್ಟು ದಿನ ಬಿಸಿಯಾಗಿದೆ ಅಂದರೆ ಲೈನರ್ ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿರಬಹುದು, ಡ್ರಮ್ಮಿನಲ್ಲಿ ನೀಲಿ ಕಲೆ, ಸಣ್ಣ ಬಿರುಕು ಇರಬಹುದು. ಬಿರುಕು ಒಳಗೆ ಇಳಿದಿದ್ದರೆ ಡ್ರಮ್ ಬದಲಿಸಿ. ಶೂ ಮಾತ್ರ ಯಾವಾಗಲೂ ಎರಡೂ ಕಡೆ ಒಟ್ಟಿಗೆ.

ಒಂದು ಕಡೆ ಬಿಚ್ಚಿ ಜೋಡಿಸಿದ ಮೇಲೆಯೇ ಇನ್ನೊಂದು ಕಡೆ ಮುಟ್ಟಿ. ಸ್ಪ್ರಿಂಗ್ ಯಾವುದು ಎಲ್ಲಿ ಅಂತ ಗೊಂದಲ ಆದರೆ ನೋಡೋಕೆ ಇನ್ನೊಂದು ಚಕ್ರ ಇರುತ್ತೆ. ಎಡ ಬಲದ ಅಡ್ಜಸ್ಟರ್ ಅದಲು ಬದಲು ಆಗಬಾರದು, ಎಷ್ಟೋ ಗಾಡಿಗಳಲ್ಲಿ ಒಂದು ಎಡಕ್ಕೆ ತಿರುಗುವ ತ್ರೆಡ್, ಇನ್ನೊಂದು ಬಲಕ್ಕೆ.

ಕೇಬಲ್ಲಿನ ತುದಿಯ ಗುಂಡನ್ನು ಶೂ ಲಿವರಿನಿಂದ ಬಿಡಿಸಿ. ಆಮೇಲೆ ಹೊರಕವಚ ಬ್ಯಾಕ್ ಪ್ಲೇಟಿಗೆ ಕೂತಿರುವ ಜಾಗ. ಕೆಲವದರಲ್ಲಿ ಯು ಆಕಾರದ ಕ್ಲಿಪ್ ಇರುತ್ತೆ, ಇಕ್ಕಳದಿಂದ ಎಳೆದರೆ ಬಂತು. ಇನ್ನು ಕೆಲವದರಲ್ಲಿ ಹೂವಿನ ಎಸಳಿನ ಹಾಗೆ ಮೂರು ನಾಲ್ಕು ಸ್ಪ್ರಿಂಗ್ ಬೆರಳು ಒಳಗಡೆ ಅರಳಿ ಹಿಡಿದುಕೊಂಡಿರುತ್ತೆ, ಇದೇ ತಲೆನೋವಿನ ಜಾಗ. ಒಂದು ಬೆರಳು ಒತ್ತಿದರೆ ಇನ್ನೊಂದು ಎದ್ದು ನಿಲ್ಲುತ್ತೆ. ಸ್ಕ್ರೂ ಡ್ರೈವರ್ ಹಾಕಿ ಮೀಟಿ ಸಿಟ್ಟು ಮಾಡಿಕೊಳ್ಳಬೇಡಿ. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರನ್ನು, ಹೆಚ್ಚಾಗಿ 12 ಅಥವಾ 13 ನಂಬರಿನದು ಆಗುತ್ತೆ, ಕೇಬಲ್ ತುದಿಯಿಂದ ಪೋಣಿಸಿ ಆ ಬೆರಳುಗಳ ಮೇಲೆ ತಳ್ಳಿ. ಎಲ್ಲ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ, ಕೇಬಲ್ ಹಿಂದಿನಿಂದ ಎಳೆದರೆ ಬರುತ್ತೆ. ಸ್ಪ್ಯಾನರ್ ಹೋಗುವಷ್ಟು ಜಾಗ ಇಲ್ಲದಿದ್ದರೆ ಡೀಸೆಲ್ ಪೈಪಿಗೆ ಹಾಕುವ ಸಣ್ಣ ಹೋಸ್ ಕ್ಲಿಪ್ ಸುತ್ತಿ ಬಿಗಿ ಮಾಡಿ, ಅದೇ ಕೆಲಸ ಆಗುತ್ತೆ.

ಹೊರಗೆ ಬಂದ ಹಳೆ ಕೇಬಲ್ಲನ್ನು ಎಸೆಯಬೇಡಿ, ಕೈಗವಸು ಹಾಕಿಕೊಂಡೇ ಮುಟ್ಟಿ. ಹರಿದ ಎಳೆಗಳು ಸೂಜಿಯ ಹಾಗೆ ಚುಚ್ಚುತ್ತವೆ, ಮುರಿದು ಬೆರಳಿನ ಒಳಗೇ ಉಳಿಯುತ್ತವೆ. ಒಂದು ತುದಿ ಹಿಡಿದು ಒಳತಂತಿ ಎಳೆದು ನೋಡಿ. ನೆಟ್ಟಗೆ ಇಟ್ಟಾಗ ಸಲೀಸಾಗಿ ಓಡಿ, ಸ್ವಲ್ಪ ಬಾಗಿಸಿದಾಗ ಬಿಗಿ ಹಿಡಿದರೆ ಒಳಗಿನ ಪ್ಲಾಸ್ಟಿಕ್ ಪದರ ಹೋಗಿದೆ ಅಂತ ಅರ್ಥ. ಅಂಥದ್ದಕ್ಕೆ ಎಣ್ಣೆ ಬಿಟ್ಟು ಮತ್ತೆ ಹಾಕಿದರೆ ಮುಂದಿನ ಮಳೆಗಾಲದವರೆಗೂ ಬರಲ್ಲ.

ಹಳೆಯದನ್ನು ಇಟ್ಟುಕೊಳ್ಳಿ ಅಂದದ್ದು ಅಳತೆಗೆ. ಅಂಗಡಿಯಲ್ಲಿ "207 ಕೇಬಲ್ ಕೊಡಿ" ಅಂದರೆ ಸಾಲದು. ಎಡ ಬಲ ಬೇರೆ ಉದ್ದ ಇರಬಹುದು, ಮಾಡೆಲ್ ಬದಲಾದ ಹಾಗೆ ಉದ್ದವೂ ಬದಲಾಗುತ್ತೆ. ಎರಡು ಅಳತೆ ಹೊಂದಬೇಕು. ಹೊರಕವಚದ ಉದ್ದ ಒಂದು. ಕವಚದಿಂದ ಹೊರಗೆ ಉಳಿಯುವ ತಂತಿಯ ಉದ್ದ ಇನ್ನೊಂದು. ಎರಡನೆಯದನ್ನು ಯಾರೂ ನೋಡಲ್ಲ, ಕೆಲಸ ಕೆಡೋದು ಅಲ್ಲೇ. ಒಳತಂತಿ ಹಳೆಯದಕ್ಕಿಂತ 20 ಮಿ.ಮೀ. ಹೆಚ್ಚು ಉದ್ದ ಇದ್ದರೆ ನಟ್ಟು ತುದಿಗೆ ಬಂದರೂ ಬ್ರೇಕ್ ಹಿಡಿಯಲ್ಲ. ಗಿಡ್ಡ ಇದ್ದರೆ ಶೂ ಬಿಡಲ್ಲ. ಹಳೆಯದನ್ನೂ ಹೊಸದನ್ನೂ ಅಂಗಡಿಯ ಮೇಜಿನ ಮೇಲೇ ಪಕ್ಕ ಪಕ್ಕ ಇಟ್ಟು ನೋಡಿ, ಮುಜುಗರ ಬೇಡ.

ಲೋಕಲ್ ಕೇಬಲ್ ಬೇಡ ಅಂತ ನಾನು ಹೇಳಲ್ಲ. ಕೆಲವು ಚೆನ್ನಾಗಿವೆ. ತುದಿಯ ಗುಂಡು ತಂತಿಗೆ ಗಟ್ಟಿಯಾಗಿ ಅದುಮಿದೆಯಾ, ಕವಚದ ತುದಿಯ ರಬ್ಬರ್ ಬೂಟ್ ಮೆತ್ತಗಿದೆಯಾ, ಬಾಗಿಸಿದಾಗ ತಂತಿ ಜಾರುತ್ತಾ, ಇಷ್ಟು ನೋಡಿ. ಆದರೆ ತುಂಡಾದ ಕೇಬಲ್ಲಿಗೆ ಕ್ಲಾಂಪ್ ಹಾಕೋದು, ತುದಿಗೆ ಗ್ಯಾಸ್ ವೆಲ್ಡಿಂಗ್ ಮಾಡಿಸೋದು ಮಾತ್ರ ಬೇಡ. ಬಿಸಿ ತಾಗಿದ ಜಾಗದಲ್ಲಿ ತಂತಿಯ ಗಡಸುತನ ಹೋಗುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೆ ಬೆಸುಗೆ ಹಾಕಿಸಿದ ಕೇಬಲ್ಲನ್ನು ನಾನೇ ಕೂರಿಸಿ ಕಳಿಸಿದ್ದೆ. ಹದಿನೈದು ದಿನಕ್ಕೆ ಗಾಡಿ ಮರಳಿನ ಲೋಡಿನ ಸಮೇತ ಹಿಂದಕ್ಕೆ ಉರುಳಿ ಒಂದು ಮನೆಯ ಕಾಂಪೌಂಡಿಗೆ ಗುದ್ದಿತು. ಯಾರಿಗೂ ಏಟಾಗಲಿಲ್ಲ. ಆ ಗೋಡೆಯ ಅರ್ಧ ದುಡ್ಡು ನನ್ನ ಸಂಬಳದಲ್ಲಿ ಹೋಯಿತು.

ಎಷ್ಟು ಬಲ ಬೇಕು ಅಂತ ಒಂದು ಲೆಕ್ಕ ಹೇಳ್ತೀನಿ. ಗಾಡಿ, ಲೋಡು ಸೇರಿ 3 ಟನ್ ಇಟ್ಟುಕೊಳ್ಳಿ. ಎಂಟು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ನಿಲ್ಲಿಸಿದರೆ ಅದು ಸುಮಾರು 370 ಕೆಜಿ ಬಲದಲ್ಲಿ ಕೆಳಗೆ ಎಳೆಯುತ್ತೆ. ನಿಮ್ಮ ತೋಟದ ರಸ್ತೆ ಅದಕ್ಕಿಂತ ಕಡಿದಾಗಿಯೇ ಇರುತ್ತೆ, ಅಲ್ವಾ? ನೀವು ಕೈಯಲ್ಲಿ ಎಳೆಯೋದು 30 ಕೆಜಿ. ಲಿವರ್ ಅದನ್ನು ಆರು ಪಟ್ಟು ಮಾಡಿದರೆ 180, ಎರಡು ಚಕ್ರಕ್ಕೆ ಹಂಚಿದರೆ ತಲಾ 90. ಡ್ರಮ್ಮಿನ ಒಳಗಿನ ಸಣ್ಣ ಲಿವರ್ ಅದನ್ನು ಇನ್ನೂ ಹೆಚ್ಚು ಮಾಡಿ ಶೂ ಒತ್ತುತ್ತೆ. ಒಂದು ಕೇಬಲ್ ತುಕ್ಕಿನಲ್ಲಿ ಉಜ್ಜಿಕೊಂಡು ಅದರಲ್ಲಿ ಅರ್ಧ ತಿಂದರೆ ಆ ಚಕ್ರದ ಹಿಡಿತವೂ ಅರ್ಧ.

ಹೊಸ ಕೇಬಲ್ ಹಾಕುವಾಗ ಹಳೆಯದು ಹೋದ ದಾರಿಯಲ್ಲೇ ಹೋಗಬೇಕು. ಸೈಲೆನ್ಸರ್ ಪೈಪಿಗೆ ಹತ್ತಿರ ಬಂದರೆ ಒಳಗಿನ ಪ್ಲಾಸ್ಟಿಕ್ ಕರಗುತ್ತೆ. ಎಲ್ಲೂ ಚೂಪಾಗಿ ಮಡಚಬಾರದು. ಎಲ್ಲ ಕ್ಲಿಪ್ಪೂ ವಾಪಸ್ ಹಾಕಿ, ಬೈಂಡಿಂಗ್ ತಂತಿಯಲ್ಲಿ ಕಟ್ಟಬೇಡಿ, ಅದು ಕವಚವನ್ನು ಕೊಯ್ಯುತ್ತೆ. ಇನ್ನೊಂದು ಮಾತು, ಲೋಡ್ ಹಾಕಿದಾಗ ಪಟ್ಟಾ (ಲೀಫ್ ಸ್ಪ್ರಿಂಗ್) ಕೆಳಗೆ ಕೂತು ಆಕ್ಸಲ್ ಚಾಸಿಗೆ ಹತ್ತಿರ ಬರುತ್ತೆ, ಗುಂಡಿಗೆ ಇಳಿದಾಗ ದೂರ ಹೋಗುತ್ತೆ. ಎರಡಕ್ಕೂ ಸಾಕಾಗುವಷ್ಟು ಬಳುಕು ಕೇಬಲ್ಲಿನಲ್ಲಿ ಇರಲಿ. ಗಾಡಿ ಚಕ್ರದ ಮೇಲೆ ನಿಂತ ಮೇಲೆ ಇದನ್ನು ಮತ್ತೊಮ್ಮೆ ನೋಡಿ.

ಶೂ ಕೂರುವ ಬ್ಯಾಕ್ ಪ್ಲೇಟಿನ ಉಬ್ಬುಗಳಿಗೆ ಬಿಸಿ ತಡೆಯುವ ಗ್ರೀಸ್ ಒಂದೊಂದು ಚುಕ್ಕೆ ಸಾಕು. ಜಾಸ್ತಿ ಹಾಕಿದರೆ ಕರಗಿ ಲೈನರಿಗೇ ಹೋಗುತ್ತೆ.

ಈಗ ಅಡ್ಜಸ್ಟ್ ಮಾಡೋದು, ಇದರ ಕ್ರಮ ತಪ್ಪಿಸಬೇಡಿ. ಕೇಬಲ್ ಸಡಿಲ ಇರುವಾಗಲೇ ಡ್ರಮ್ ಹಾಕಿ, ಶೂ ಅಡ್ಜಸ್ಟರ್ ತಿರುಗಿಸಿ, ಚಕ್ರ ಕೈಯಲ್ಲಿ ತಿರುಗಿಸಿದಾಗ ಶೂ ಲಘುವಾಗಿ ತಾಗುವ ಸದ್ದು ಬರುವವರೆಗೆ ತನ್ನಿ. ಕಾಲಿನ ಬ್ರೇಕನ್ನು ಹತ್ತು ಹದಿನೈದು ಸಲ ಒತ್ತಿ, ಶೂ ನಡುವಿಗೆ ಬಂದು ಕೂರುತ್ತೆ. ಪೆಡಲ್ ಮೇಲೆ ಬಂದಿರುತ್ತೆ ನೋಡಿ. ಬರಲಿಲ್ಲ ಅಂದರೆ ತೊಂದರೆ ಬೇರೆ ಕಡೆ ಇದೆ, ಆಯಿಲ್ ಲೈನ್ ನೋಡಿಸಿ. ಇದಾದ ಮೇಲೆ ಕೇಬಲ್ ನಟ್ಟು. ಸಡಿಲ ಹೋಗುವಷ್ಟು ಮಾತ್ರ ಬಿಗಿ ಮಾಡಿ, ಶೂ ಲಿವರ್ ಕದಲಬಾರದು. ಹ್ಯಾಂಡ್ ಬ್ರೇಕನ್ನು ಜೋರಾಗಿ ಹತ್ತು ಸಲ ಎಳೆದು ಬಿಡಿ, ಹೊಸ ಕೇಬಲ್ ಕೂರುತ್ತೆ, ಆಮೇಲೆ ಮತ್ತೊಮ್ಮೆ ನಟ್ಟು ನೋಡಿ ಲಾಕ್ ನಟ್ ಬಿಗಿ ಮಾಡಿ. ಲಿವರ್ ಎಳೆದಾಗ ಟಕ್ ಟಕ್ ಅನ್ನುತ್ತಲ್ಲ, ಆ ಹಲ್ಲು. ನಾನು ಆರು ಏಳು ಹಲ್ಲಿಗೆ ಪೂರ್ತಿ ಹಿಡಿಯುವ ಹಾಗೆ ಇಡ್ತೀನಿ. ಎರಡೇ ಹಲ್ಲಿಗೆ ಹಿಡಿಯುವ ಹ್ಯಾಂಡ್ ಬ್ರೇಕ್ ನೋಡಿ ಗಾಡಿ ಮಾಲೀಕರು ಖುಷಿ ಪಡ್ತಾರೆ, ಆದರೆ ಅದು ಡ್ರಮ್ ಸುಡುವ ಹ್ಯಾಂಡ್ ಬ್ರೇಕ್.

ಬಿಟ್ಟಾಗ ಎರಡೂ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಎಳೆದಾಗ ಎರಡೂ ಒಟ್ಟಿಗೆ ಹಿಡಿಯಬೇಕು. ಆಮೇಲೆ ಖಾಲಿ ಗಾಡಿಯಲ್ಲಿ ಸಣ್ಣ ಏರಿಗೆ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಕಾಲು ಪೆಡಲ್ ಮೇಲೇ ಇಟ್ಟುಕೊಂಡು ಪರೀಕ್ಷೆ ಮಾಡಿ. ಏರುಮುಖವಾಗಿಯೂ ನೋಡಿ, ಇಳಿಮುಖವಾಗಿಯೂ ನೋಡಿ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಎರಡೂ ಡ್ರಮ್ಮಿನ ಹತ್ತಿರ ಅಂಗೈ ತನ್ನಿ, ಮುಟ್ಟಬೇಡಿ. ಬಿಸಿ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಥರ ಇರಬೇಕು. 500 ಕಿಲೋಮೀಟರ್ ಆದ ಮೇಲೆ ನಟ್ಟು ಇನ್ನೊಮ್ಮೆ ನೋಡಿ.

ಲಿವರಿನ ಹಲ್ಲನ್ನೂ ಮರೆಯಬೇಡಿ. ಎಳೆದು ನಿಲ್ಲಿಸಿದ ಮೇಲೆ ತಾನೇ ಟಕ್ ಅಂತ ಒಂದು ಹಲ್ಲು ಜಾರುತ್ತಿದ್ದರೆ ಅಲ್ಲಿನ ಕೊಕ್ಕೆ ಸವೆದಿದೆ. ಅರದಿಂದ ಉಜ್ಜಿ ಚೂಪು ಮಾಡಿಸಬೇಡಿ, ಬದಲಿಸಿ.

ಮಳೆಗಾಲದ ವಿಷಯ. ಕೇಬಲ್ ಹಾಳಾಗೋದು ಎಳೆದು ಎಳೆದು ಅಲ್ಲ, ಎಳೆಯದೇ ಇರೋದರಿಂದ. ತೋಟದ ಗಾಡಿಗಳಲ್ಲಿ ಇದನ್ನು ಜಾಸ್ತಿ ನೋಡ್ತೀನಿ. "ನಾವು ಹ್ಯಾಂಡ್ ಬ್ರೇಕ್ ಹಾಕೋದೇ ಇಲ್ಲ, ಗಿಯರಿನಲ್ಲಿ ನಿಲ್ಲಿಸ್ತೀವಿ" ಅಂತಾರೆ. ಬೂಟ್ ಹರಿದ ಜಾಗದಿಂದ ನೀರು ಇಳಿದು, ಕೇಬಲ್ ಜೋತು ಬಿದ್ದ ತಗ್ಗಿನಲ್ಲಿ ನಿಲ್ಲುತ್ತೆ, ಅಲ್ಲೇ ತುಕ್ಕು. ಓಡಿಸುವ ದಿನಗಳಲ್ಲಿ ದಿನಕ್ಕೆ ಒಂದೆರಡು ಸಲ ಎಳೆದು ಬಿಟ್ಟರೆ ತಂತಿ ಕದಲುತ್ತಾ ಇರುತ್ತೆ. ಇದಕ್ಕೆ ಉಲ್ಟಾ, ಮಳೆಯಲ್ಲಿ ಓಡಿಸಿ ಬಂದು ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸೋದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ. ಒದ್ದೆ ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತೆ. ಸಮತಟ್ಟು ಜಾಗ, ಚಕ್ರಕ್ಕೆ ಕಲ್ಲು, ಗಿಯರ್, ಇಷ್ಟು ಸಾಕು. ಏರಿನಲ್ಲಿ ನಿಲ್ಲಿಸುವಾಗ ಮಾತ್ರ ಹ್ಯಾಂಡ್ ಬ್ರೇಕ್ ಬೇಕೇ ಬೇಕು. ಮೂತಿ ಮೇಲಕ್ಕಿದ್ದರೆ ಒಂದನೇ ಗಿಯರ್, ಕೆಳಕ್ಕಿದ್ದರೆ ರಿವರ್ಸ್, ಸ್ಟೀಯರಿಂಗ್ ಧರೆಯ (ರಸ್ತೆ ಪಕ್ಕದ ಮಣ್ಣಿನ ಗೋಡೆಯ) ಕಡೆಗೆ ತಿರುಗಿಸಿ, ಇದರ ಜೊತೆಗೆ ಹ್ಯಾಂಡ್ ಬ್ರೇಕ್.

ಮೇ ಕೊನೆಯಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕೆಳಗೆ ಮಲಗಿ ಬೂಟ್ ನೋಡಿ, ಕೆಸರು ತೆಗೆದು ಈಕ್ವಲೈಸರ್, ಪಿನ್ನುಗಳಿಗೆ ಗ್ರೀಸ್ ಹಚ್ಚಿ. ವಾಟರ್ ಸರ್ವೀಸಿಗೆ ಕೊಟ್ಟಾಗ ಬೂಟಿನ ನೇರಕ್ಕೆ ಜೋರು ನೀರು ಬಿಡಬೇಡಿ ಅನ್ನಿ. ಒಳಗೆ ಪ್ಲಾಸ್ಟಿಕ್ ಪದರ ಇರುವ ಕೇಬಲ್ಲಿಗೆ ಚಾಸಿ ಗ್ರೀಸ್ ತುರುಕಬೇಡಿ, ಧೂಳು ಹಿಡಿದು ಅಂಟಿನ ಹಾಗೆ ಆಗುತ್ತೆ. ಅದಕ್ಕೆ ಸಿಲಿಕೋನ್ ಸ್ಪ್ರೇ ಸ್ವಲ್ಪ ಸಾಕು. ಪದರ ಇಲ್ಲದ ಹಳೆ ಥರದ ಕೇಬಲ್ ಆದರೆ ಬೈಕಿನ ಕ್ಲಚ್ ಕೇಬಲ್ಲಿಗೆ ಮಾಡ್ತೀವಲ್ಲ, ಹಾಗೆ. ಬಿಚ್ಚಿ ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಕವರನ್ನು ಆಲಿಕೆಯ ಹಾಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ತೆಳು ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಕೆಳಗೆ ತೊಟ್ಟಿಕ್ಕಿದ್ದರೆ ದಾರಿ ಇದೆ ಅಂತ.

ಎಂಟು ವರ್ಷ ದಾಟಿದ ಸರಕು ಗಾಡಿ ಆದ್ದರಿಂದ ನಿಮಗೆ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಪರೀಕ್ಷೆ, ಇದ್ದೇ ಇದೆ, ಹ್ಯಾಂಡ್ ಬ್ರೇಕೂ ನೋಡ್ತಾರೆ. ಹಿಂದಿನ ದಿನ ಸಂಜೆ ನಟ್ಟು ಬಿಗಿ ಮಾಡಿಸಿಕೊಂಡು ಹೋಗೋದು ನಡೆದು ಬಂದ ಪದ್ಧತಿ. ಎಡಗಡೆ ಡ್ರಮ್ ಸುಡೋಕೆ ಶುರುವಾದದ್ದು ಯಾವಾಗ ಅಂತ ಯೋಚಿಸಿ ನೋಡಿ, ಅಂಥದ್ದೇ ಒಂದು ಸಂಜೆ ಇರಬಹುದು.

ಎರಡೂ ಬದಲಿಸಬೇಕಾ ಅಂತ ಕೇಳಿದ್ದೀರಿ. ಬದಲಿಸಿ. ಬಲಗಡೆಯದೂ ಅದೇ ಕೆಸರಿನಲ್ಲಿ ಅಷ್ಟೇ ವರ್ಷ ಓಡಿದೆ, ಮತ್ತೆ ಡ್ರಮ್ ಬಿಚ್ಚುವ ಕೆಲಸ ಉಳಿಯುತ್ತೆ. ಮುಂದಿನ ಕೇಬಲ್ ಎಳೆದಾಗ ಸಲೀಸಾಗಿ ಬಂದು, ಎಳೆ ಹರಿಯದೆ ಇದ್ದರೆ ಅದನ್ನು ಹಾಗೇ ಬಿಡಿ. ಕೆಲಸ ಮುಗಿಯುವವರೆಗೆ ಲೋಡ್ ಹಾಕಿಕೊಂಡು ಪೇಟೆಗೆ ಇಳಿಯಬೇಡಿ, ಅಷ್ಟು ಬಿಸಿಯಾದ ಡ್ರಮ್ಮಿನಲ್ಲಿ ಘಾಟಿ ಇಳಿಯುವಾಗ ಕಾಲಿನ ಬ್ರೇಕೂ ಕೈಕೊಡುತ್ತೆ.